ಉಬುಂಟು ಹಾಕಿದ ಮೇಲೆ ಫ್ಯಾನ್ ಕೂಗಾಟ, ಕಂಪನಿ ಮಾಹಿತಿ ಕೊಡುತ್ತಿಲ್ಲ

ಹಳೇಡಬ್ಬ:
ನಮಸ್ಕಾರ. ಆರು ವರ್ಷದ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಉಬುಂಟು ಲಿನಕ್ಸ್ ಹಾಕಿದೆ. ಸುಮ್ನೆ ಇಟ್ಟರೂ ಫ್ಯಾನ್ ಐದು ನಿಮಿಷ ಮಿಕ್ಸಿ ತರ ಕೂಗುತ್ತದೆ, ಒಂದು ನಿಮಿಷ ಸುಮ್ಮನಾಗುತ್ತದೆ, ಮತ್ತೆ ಶುರು. ಸಿಪಿಯು 45 ಡಿಗ್ರಿ ಅಷ್ಟೇ. ವಿಂಡೋಸ್‌ನಲ್ಲಿ ಈ ಕಾಟ ಇರಲಿಲ್ಲ. ಫ್ಯಾನ್ ಕಂಟ್ರೋಲರ್‌ನ ವಿವರ ಕೊಡಿ ಎಂದು ಕಂಪನಿಗೆ ಮೇಲ್ ಹಾಕಿದೆ. ಹೊರಗಿನವರಿಗೆ ಕೊಡುವುದಿಲ್ಲವಂತೆ. ದುಡ್ಡು ಕೊಟ್ಟವನು ನಾನೇ ಅಲ್ವಾ?

ಬೆಸುಗೆಕಡ್ಡಿ:
ಫ್ಯಾನ್ ನಡೆಸುವುದು ಇಸಿ, ಅಂದರೆ ಎಂಬೆಡೆಡ್ ಕಂಟ್ರೋಲರ್ ಅನ್ನುವ ಪುಟ್ಟ ಚಿಪ್. ಅದರೊಳಗೆ ಅಂಕಿ ಇಡುವ ಪುಟ್ಟ ಖಾನೆಗಳಿಗೆ ರಿಜಿಸ್ಟರ್ ಅನ್ನುತ್ತಾರೆ. ಯಾವ ರಿಜಿಸ್ಟರ್‌ಗೆ ಏನು ಬರೆದರೆ ವೇಗ ಇಳಿಯುತ್ತದೆ ಅನ್ನುವುದು ಮಾದರಿಯಿಂದ ಮಾದರಿಗೆ ಬೇರೆ.

ಕೊಡದಿರುವುದು ಬರೀ ಜಿಪುಣತನ ಅಲ್ಲ. ಎಷ್ಟೋ ಲ್ಯಾಪ್‌ಟಾಪ್‌ಗಳನ್ನು ಮುಚ್ಚಳದ ಮೇಲೆ ಹೆಸರಿರುವವರು ತಯಾರಿಸುವುದೇ ಇಲ್ಲ. ತೈವಾನಿನ ಕ್ವಾಂಟಾ, ಕಂಪಾಲ್ ತರದವರು ಮಾಡಿಕೊಡುತ್ತಾರೆ. ಚಿಪ್ ಮತ್ತೊಬ್ಬರದು. ನಡುವೆ ಎನ್‌ಡಿಎ, ಅಂದರೆ ಗುಟ್ಟು ಹೊರಗೆ ಬಿಡುವುದಿಲ್ಲ ಅನ್ನುವ ಒಪ್ಪಂದ. ಹೊರಗೆ ಕೊಡುವ ಹಕ್ಕೇ ನಿಮ್ಮ ಕಂಪನಿಗೆ ಇರದಿರಬಹುದು. ಕೊಟ್ಟರೂ ಪೇಟೆಂಟ್ ತಕರಾರಿನ ಭಯ, ಮುಂದಿನ ಮಾದರಿಯಲ್ಲಿ ಬದಲಿಸಿದರೆ ನಮ್ಮಂಥವರ ಬೈಗುಳ.

ಹಳೇ ಪೆಟ್ಟೂ ಒಂದಿದೆ. 1981ರ ಐಬಿಎಂ ಪಿಸಿಯ ಟೆಕ್ನಿಕಲ್ ರೆಫರೆನ್ಸ್ ಪುಸ್ತಕದಲ್ಲಿ ಸರ್ಕ್ಯೂಟ್ ಚಿತ್ರ, ಬಯೋಸ್ (ಪಿಸಿ ಆನ್ ಮಾಡಿದಾಗ ಮೊದಲು ಓಡುವ ಪ್ರೋಗ್ರಾಂ) ಕೋಡ್ ಎಲ್ಲ ಅಚ್ಚಾಗಿತ್ತು. ಕೋಡ್‌ಗೆ ಕಾಪಿರೈಟ್ ಇತ್ತು ನಿಜ. ಕಾಂಪ್ಯಾಕ್ ಅನ್ನುವ ಇನ್ನೊಂದು ಕಂಪನಿಯವರು ಅದನ್ನು ನಕಲು ಮಾಡದೆ, ಅದೇ ಕೆಲಸ ಮಾಡುವ ಬಯೋಸನ್ನು ತಾವೇ ಬರೆದುಕೊಂಡರು. ಆಮೇಲೆ ತದ್ರೂಪಿ ಪಿಸಿಗಳದ್ದೇ ಸಂತೆ. 1987ರಲ್ಲಿ ಐಬಿಎಂ ತನ್ನ ಹೊಸ ಪಿಸಿ ಸರಣಿ ಪಿಎಸ್/2ಗೆ ಮೈಕ್ರೋ ಚಾನೆಲ್ ಅನ್ನುವ, ಕಾರ್ಡ್‌ಗಳನ್ನು ಸಿಕ್ಕಿಸುವ ತನ್ನದೇ ವ್ಯವಸ್ಥೆ ಹಾಕಿ, ಬಳಸುವ ಕಂಪನಿಗಳಿಂದ ಲೈಸೆನ್ಸ್ ಹಣ ಕೇಳಿತು. ಅಷ್ಟರಲ್ಲಿ ಹಕ್ಕಿ ಹಾರಿತ್ತು, ಮಾರುಕಟ್ಟೆ ಅವರ ಹಿಂದೆ ಹೋಗಲಿಲ್ಲ.

ಈಗ ನಿಮ್ಮ ಮಿಕ್ಸಿಗೆ ಬರೋಣ. ಎನ್‌ಬಿಎಫ್‌ಸಿ-ಲಿನಕ್ಸ್ ಅನ್ನುವ ಫ್ಯಾನ್ ನಿಯಂತ್ರಿಸುವ ಪ್ರೋಗ್ರಾಂ ಹಾಕಿ. ಯಾವ ಮಾದರಿಗೆ ಯಾವ ರಿಜಿಸ್ಟರ್ ಎಂದು ಬಳಸುವವರೇ ತಡಕಾಡಿ ಬರೆದ ಕಾನ್ಫಿಗ್ ಫೈಲ್‌ಗಳು ಅದರಲ್ಲಿವೆ. ನಿಮ್ಮ ಮಾದರಿ ಇದೆಯಾ ನೋಡಿ.

ಹಳೇಡಬ್ಬ:
ನನ್ನದಿಲ್ಲ ಸರ್. ಅದೇ ಸರಣಿಯ ಇನ್ನೊಂದು ಇದೆ. ಹಾಕಿಬಿಡಲಾ?

ಬೆಸುಗೆಕಡ್ಡಿ:
ತಡೀರಿ! ಮೊದಲು ರೀಡ್-ಓನ್ಲಿ ಮೋಡ್‌ನಲ್ಲಿ ಓಡಿಸಿ. ಆಗ ಇಸಿಗೆ ಏನೂ ಬರೆಯುವುದಿಲ್ಲ. ಫ್ಯಾನ್ ಕೂಗುವಾಗ ಅದು ತೋರಿಸುವ ಫ್ಯಾನ್ ವೇಗದ ಅಂಕಿ ಏರಿ, ಸುಮ್ಮನಾದಾಗ ಇಳಿದರೆ ರಿಜಿಸ್ಟರ್ ಅದೇ ಇರಬೇಕು. ಆಮೇಲೆ ಹಾಕಿ, ಒಂದು ಗಂಟೆ ಬಿಸಿ ನೋಡುತ್ತಾ ಕೂತಿರಿ. ಊಹೆಯ ಮೇಲೆ ಬರೆದು ಫ್ಯಾನ್ ನಿಂತೇ ಹೋದರೆ ಕಷ್ಟ.

ಹಳೇಡಬ್ಬ:
ಅಂಕಿ ಸರಿಯಾಗಿ ಏರಿ ಇಳಿಯಿತು. ಹಾಕಿದೆ. ಈಗ 60 ಡಿಗ್ರಿ ದಾಟಿದರೆ ಮಾತ್ರ ಸದ್ದು. ಕೀಬೋರ್ಡ್ ಲೈಟ್ ಇನ್ನೂ ಉರಿಯುತ್ತಿಲ್ಲ, ಅದಕ್ಕೆ ಬೇರೆ ಥ್ರೆಡ್ ಹಾಕುತ್ತೇನೆ.