ಮಕ್ಕಳ ಅಟಾಕ್ಸಿಯಾ: ‘ಅಸಮತೋಲನ’ ಎಂದರೆ ಸಾಕೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಶಿವಮೊಗ್ಗ ಜಿಲ್ಲೆಯ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರಿಗಾಗಿ ಸಿದ್ಧವಾಗುತ್ತಿರುವ, ಮಕ್ಕಳ ನಡಿಗೆ ಹಾಗೂ ಕೈಕೆಲಸದ ತೊಂದರೆಗಳನ್ನು ಕುರಿತ ಕಿರುಹೊತ್ತಿಗೆಯೊಂದರ ಭಾಷೆಯನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಕರಡಿನಲ್ಲಿ ಅಟಾಕ್ಸಿಯಾ ಎಂಬುದಕ್ಕೆ ಒಂದೆಡೆ ‘ಅಸಮತೋಲನ’ ಎಂದೂ ಮತ್ತೊಂದೆಡೆ ‘ಸಮನ್ವಯದ ಕೊರತೆ’ ಎಂದೂ ಬರೆದಿದ್ದಾರೆ. ಡೆವಲಪ್‌ಮೆಂಟಲ್ ಕೋಆರ್ಡಿನೇಶನ್ ಡಿಸಾರ್ಡರ್ ಎಂಬ ಬೇರೆಯೇ ಸ್ಥಿತಿಗೂ ‘ಸಮನ್ವಯದ ಕೊರತೆ’ಯನ್ನೇ ಬಳಸಿದ್ದಾರೆ. ಪದ ಒಂದೇ ಆದರೆ ಓದುವವರು ಕಾಯಿಲೆಯೂ ಒಂದೇ ಎಂದು ತಿಳಿಯುವುದು ಸಹಜ. ಇವೆರಡನ್ನೂ, ಇವುಗಳ ಜೊತೆ ಗೊಂದಲವಾಗುವ ಇತರ ತೊಂದರೆಗಳನ್ನೂ ಬೇರ್ಪಡಿಸಿ ತೋರಿಸಬಲ್ಲ ಮಾತುಗಳು, ಅದರಲ್ಲೂ ಮಲೆನಾಡಿನ ಮನೆಗಳಲ್ಲಿ ಈಗಲೂ ಚಾಲ್ತಿಯಲ್ಲಿರುವ ಮಾತುಗಳು ಯಾವುವೆಂದು ಕೇಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಅಟಾಕ್ಸಿಯಾ ಗ್ರೀಕ್ ಮೂಲದ ಪದ. ಕ್ರಮ ಇಲ್ಲದಿರುವುದು ಎಂಬುದು ಅದರ ಮೂಲಾರ್ಥ. ಸ್ನಾಯುಗಳಲ್ಲಿ ಬಲವಿದ್ದರೂ ಚಲನೆಯ ಅಳತೆ, ದಿಕ್ಕು, ವೇಗ ಒಂದಕ್ಕೊಂದು ತಾಳೆಯಾಗದಿರುವ ಲಕ್ಷಣವನ್ನು ವೈದ್ಯರು ಹೀಗೆ ಕರೆಯುತ್ತಾರೆ. ಇದರ ಮೂಲ ಹೆಚ್ಚಾಗಿ, ತಲೆಯ ಹಿಂಭಾಗದಲ್ಲಿದ್ದು ಚಲನೆಯನ್ನು ಹೊಂದಿಸುವ ಕಿರುಮೆದುಳಿನಲ್ಲಿರುತ್ತದೆ. ಕಿರುಮೆದುಳಿನ ನಡುಭಾಗಕ್ಕೆ ಪೆಟ್ಟಾದರೆ ಮಗುವಿನ ಮುಂಡ ಓಲಾಡುತ್ತದೆ, ಕುಳಿತಲ್ಲಿಯೇ ತಲೆ ತೂಗುತ್ತದೆ. ಪಕ್ಕದ ಅರೆಗೋಳಕ್ಕೆ ಪೆಟ್ಟಾದರೆ ಅದೇ ಪಕ್ಕದ ಕೈಕಾಲುಗಳು ಗುರಿ ತಪ್ಪುತ್ತವೆ. ‘ಅಸಮತೋಲನ’ ಎಂಬುದು ಇವುಗಳಲ್ಲಿ ಮೊದಲನೆಯದಕ್ಕೆ ಹೇಗೋ ಹೊಂದುತ್ತದೆ, ಎರಡನೆಯದಕ್ಕೆ ಹೊಂದುವುದೇ ಇಲ್ಲ. ನೀರಿನ ಲೋಟಕ್ಕೆ ಕೈ ಚಾಚುವ ಇಂತಹ ಮಗುವನ್ನು ಹತ್ತಿರದಿಂದ ನೋಡಿ. ಕೈ ತೊಡೆಯ ಮೇಲಿರುವಾಗ ನಡುಕವಿರುವುದಿಲ್ಲ. ಲೋಟ ಹತ್ತಿರವಾದ ಹಾಗೆಲ್ಲ ಕೈ ಅತ್ತಿತ್ತ ಹೊಯ್ದಾಡತೊಡಗುತ್ತದೆ, ಬೆರಳು ಲೋಟವನ್ನು ದಾಟಿ ಮುಂದೆ ಹೋಗುತ್ತದೆ ಅಥವಾ ಅದಕ್ಕಿಂತ ಮೊದಲೇ ನಿಲ್ಲುತ್ತದೆ, ಎತ್ತಿದ ಲೋಟ ತುಟಿಯ ಬಳಿ ಬಂದಾಗ ನೀರು ಮೈಮೇಲೆ ತುಳುಕುತ್ತದೆ. ಅಂಗೈಯನ್ನು ತೊಡೆಯ ಮೇಲೆ ಬೇಗಬೇಗ ಮಗುಚಿ ಹಾಕು ಎಂದರೆ ಲಯ ತಪ್ಪುತ್ತದೆ. ಮಾತು ಅಕ್ಷರ ಅಕ್ಷರವಾಗಿ ಬಿಡಿಬಿಡಿಯಾಗಿ ಬರುತ್ತದೆ, ಕಣ್ಣುಗುಡ್ಡೆಗಳು ಒಂದೆಡೆ ನಿಲ್ಲದೆ ಜಗ್ಗುತ್ತಿರುತ್ತವೆ. ಇಷ್ಟನ್ನೂ ‘ಅಸಮತೋಲನ’ ಎಂಬ ಒಂದು ಪದದ ಮೇಲೆ ಹೇರುವುದು ಸರಿಯಲ್ಲವೆಂಬುದು ನನ್ನ ಅನಿಸಿಕೆ.

ನಡಿಗೆಯ ಮಟ್ಟಿಗೆ ಕನ್ನಡದಲ್ಲಿ ಕ್ರಿಯಾಪದಗಳಿಗೆ ಬರವಿಲ್ಲ. ತೂರಾಡು, ಓಲಾಡು, ಜೋಲಿ ಹೊಡೆ, ತತ್ತರಿಸು, ಎಡವು, ಮುಗ್ಗರಿಸು, ಕುಂಟು ಎಂಬ ಒಂದೊಂದೂ ಬೇರೆ ಬೇರೆ ನಡಿಗೆಯನ್ನು ಕಣ್ಣಿಗೆ ಕಟ್ಟಿಸುತ್ತದೆ. ಕಾಲುಗಳನ್ನು ಅಗಲಿಸಿಟ್ಟು ಅತ್ತಿತ್ತ ವಾಲುತ್ತ, ಸಂಕ ದಾಟುವಾಗ ಒಂದು ಹೆಜ್ಜೆಯ ಮುಂದೆ ಇನ್ನೊಂದನ್ನು ನೇರವಾಗಿ ಇಡಲಾಗದೆ ನಿಂತುಬಿಡುವ ಮಗುವಿಗೆ ‘ತೂರಾಟ’ ಚೆನ್ನಾಗಿ ಒಪ್ಪುತ್ತದೆ. ಆದರೆ ನಮ್ಮಲ್ಲಿ ತೂರಾಟವೆಂದರೆ ಸಾರಾಯಿಯ ನೆನಪು ಬಾರದೆ ಇರದು. ಮದ್ಯ ಏರಿದಾಗಲೂ ಹದಗೆಡುವುದು ಕಿರುಮೆದುಳಿನ ಕೆಲಸವೇ ಆದ್ದರಿಂದ ಹೋಲಿಕೆ ಸುಳ್ಳೇನಲ್ಲ. ಹಾಗೆಂದು ಶಾಲೆಗೆ ಹೋಗುವ ಹುಡುಗಿಯ ವಿಷಯದಲ್ಲಿ ಈ ಪದವನ್ನು ಅಚ್ಚು ಹಾಕಿಸಲು ನನಗೆ ಮನಸ್ಸಿಲ್ಲ. ‘ಓಲಾಟ’ ಮೆದುವಾಗಿದೆ, ಅದನ್ನೇ ಇಟ್ಟುಕೊಳ್ಳಬಹುದೆಂದು ತೋರುತ್ತದೆ. ಸಂಜೆ ಬೆಳಕು ಇಳಿದ ಮೇಲೆ ಹಿತ್ತಲಿಗೆ ಹೋಗುವಾಗ, ಅಥವಾ ಬಚ್ಚಲಿನಲ್ಲಿ ಕಣ್ಣು ಮುಚ್ಚಿ ಮುಖಕ್ಕೆ ನೀರು ಹಾಕಿಕೊಳ್ಳುವಾಗ ಮಾತ್ರ ಓಲಾಟ ಜೋರಾದರೆ ದೋಷ ಹೆಚ್ಚಾಗಿ ಇರುವುದು ಕಾಲಿನಿಂದ ಮೆದುಳಿಗೆ ಸುದ್ದಿ ಒಯ್ಯುವ ನರಗಳಲ್ಲಿ. ಜರ್ಮನಿಯ ವೈದ್ಯ ರೋಂಬರ್ಗನ ಹೆಸರಿನಲ್ಲಿರುವ ಪರೀಕ್ಷೆ ಇದನ್ನೇ ನೋಡುತ್ತದೆ. ಕಿರುಮೆದುಳಿನ ಓಲಾಟವಾದರೋ ಕಣ್ಣು ತೆರೆದಿದ್ದರೂ ಇರುತ್ತದೆ.

ಇನ್ನು ‘ಸಮನ್ವಯದ ಕೊರತೆ’. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ 5ರಿಂದ 11 ವರ್ಷದ ಮಕ್ಕಳಲ್ಲಿ ನೂರಕ್ಕೆ 5–6 ಮಂದಿಯಲ್ಲಿ ಡೆವಲಪ್‌ಮೆಂಟಲ್ ಕೋಆರ್ಡಿನೇಶನ್ ಡಿಸಾರ್ಡರ್ ಇರುತ್ತದೆ. ಅಂಗಿಯ ಗುಂಡಿ ಹಾಕಲು ಹೆಣಗುವ, ಚೆಂಡು ಹಿಡಿಯಲು ಬಾರದ, ಬರೆದ ಅಕ್ಷರ ಗೆರೆಯ ಮೇಲೆ ನಿಲ್ಲದ ಈ ಮಕ್ಕಳ ಕಣ್ಣುಗುಡ್ಡೆ ಜಗ್ಗುವುದಿಲ್ಲ, ಕೈಯ ನಡುಕ ಗುರಿಯ ಹತ್ತಿರ ಏರುತ್ತ ಹೋಗುವುದಿಲ್ಲ. ಕೌಶಲಗಳು ತಡವಾಗಿ ಬರುತ್ತವೆ, ಬಂದದ್ದು ಹೋಗುವುದಿಲ್ಲ. ಚಲನೆಯ ಮೇಲೆ ಪರಿಣಾಮ ಬೀರುವ ನರಗಳ ಕಾಯಿಲೆಯೋ ದೃಷ್ಟಿದೋಷವೋ ಬುದ್ಧಿಮಾಂದ್ಯವೋ ಇದಕ್ಕೆ ಕಾರಣವಲ್ಲವೆಂದು ಖಚಿತವಾದ ಬಳಿಕವಷ್ಟೇ ಈ ಹೆಸರನ್ನು ಕೊಡುವುದು. ಹೀಗಿದ್ದರೂ ಊರಿನಲ್ಲಿ ಇವರಿಗೆ ಸಿಗುವ ಹೆಸರು ‘ಮೊದ್ದು’ ಇಲ್ಲವೇ ‘ಎಡವಟ್ಟು’. ಬುದ್ಧಿಯನ್ನೇ ಹಳಿಯುವ ಇವೆರಡೂ ಕಿರುಹೊತ್ತಿಗೆಯ ಹತ್ತಿರ ಸುಳಿಯಕೂಡದು.

ಕಾರ್ಯಕರ್ತೆಯರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ‘ಯಾವಾಗಿನಿಂದ’ ಎಂಬ ಪ್ರಶ್ನೆ. ನಿನ್ನೆಮೊನ್ನೆಯವರೆಗೆ ಚೆನ್ನಾಗಿ ಓಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಓಲಾಡಿದರೆ ಅದು ಸೀತಾಳೆ ಸಿಡುಬಿನಂತಹ ಸೋಂಕಿನ ಬೆನ್ನಿಗೆ ಬಂದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ಹೋಗುವಂಥದ್ದಿರಬಹುದು, ಮನೆಯಲ್ಲಿಟ್ಟಿದ್ದ ಫಿಟ್ಸ್ ಮಾತ್ರೆಯನ್ನು ನುಂಗಿದ್ದರ ಪರಿಣಾಮವೂ ಆಗಿರಬಹುದು. ತಲೆನೋವು, ಬೆಳಗಿನ ವಾಂತಿ ಜೊತೆಗಿದ್ದರೆ ಮೆದುಳಿನ ಗೆಡ್ಡೆಯನ್ನೂ ಶಂಕಿಸಬೇಕು. ಇವು ಯಾವುವೂ ಕಾದು ನೋಡುವ ಸಂಗತಿಗಳಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು. ಸಾಮಾನ್ಯವಾಗಿ 5ರಿಂದ 15ನೇ ವಯಸ್ಸಿನೊಳಗೆ ಶುರುವಾಗಿ ವರ್ಷಗಟ್ಟಲೆ ನಿಧಾನವಾಗಿ ಏರುವುದು ಫ್ರೀಡ್ರೈಕ್ ಅಟಾಕ್ಸಿಯಾ. 1863ರಲ್ಲಿ ನಿಕೋಲಸ್ ಫ್ರೀಡ್ರೈಕ್ ವಿವರಿಸಿದ ಈ ವಂಶವಾಹಿ ಕಾಯಿಲೆಯಲ್ಲಿ ಬೆನ್ನು ಓರೆಯಾಗುವುದು ಮತ್ತು ಹೃದಯದ ತೊಂದರೆಯೂ ಇರುತ್ತವೆ. ಅಟಾಕ್ಸಿಯಾ ಟಿಲಾಂಜಿಯೆಕ್ಟೇಸಿಯಾ ಎಂಬ ಇನ್ನೊಂದು ವಂಶವಾಹಿ ಕಾಯಿಲೆಯಲ್ಲಿ ಮಗು ನಡೆಯಲು ಕಲಿತ ಕಾಲದಲ್ಲಿಯೇ ಓಲಾಟ ಕಾಣಿಸುತ್ತದೆ, ಕಣ್ಣಿನ ಬಿಳಿಭಾಗದಲ್ಲಿ ಕೆಂಪು ಎಳೆಗಳು ಮೂಡುವುದು ಕೆಲವು ವರ್ಷಗಳ ನಂತರ. ಹಾಗಾಗಿ ಮೊದಮೊದಲು ಇದನ್ನು ಸೆರೆಬ್ರಲ್ ಪಾಲ್ಸಿ (ಬೆಳೆಯುತ್ತಿರುವ ಮೆದುಳಿಗಾದ ಪೆಟ್ಟಿನಿಂದ ಬರುವ ಚಲನೆಯ ತೊಂದರೆ) ಎಂದುಕೊಳ್ಳುವುದುಂಟು. ಈ ಮಕ್ಕಳ ದೇಹ ಎಕ್ಸ್‌ರೇಯಂತಹ ವಿಕಿರಣವನ್ನು ಸಹಿಸುವುದು ಕಡಿಮೆಯಾದ್ದರಿಂದ ಹೆಸರಿನ ಗೊಂದಲ ಬರಿಯ ಭಾಷೆಯ ಗೊಂದಲವಾಗಿ ಉಳಿಯುವುದಿಲ್ಲ. ಸೆರೆಬ್ರಲ್ ಪಾಲ್ಸಿಯ ಬಹುಪಾಲು ಮಕ್ಕಳಲ್ಲಿ ಕಾಣುವುದು ಓಲಾಟವಲ್ಲ, ಸೆಟೆತ. ಓಲಾಟದ ಬಗೆ ಅದರಲ್ಲಿ ಸಣ್ಣ ಪಾಲು, ಮತ್ತು ಅಲ್ಲಿ ಮೆದುಳಿಗೆ ಆಗಿರುವ ಪೆಟ್ಟು ಬೆಳೆಯುತ್ತ ಹೋಗುವುದಿಲ್ಲ.

ಕೊರಿಯಾ ಎಂಬ ಇನ್ನೊಂದು ಚಲನೆಯ ತೊಂದರೆಗೆ ಕರಡಿನಲ್ಲಿ ‘ನಡುಕ’ ಎಂದಿದೆ, ಇದು ಸರಿಯಿಲ್ಲ. ಅಟಾಕ್ಸಿಯಾದಲ್ಲಿ ಮಗು ತಾನಾಗಿ ಮಾಡಹೊರಟ ಚಲನೆ ಕೆಡುತ್ತದೆ. ಕೊರಿಯಾದಲ್ಲಿ ಮಾಡಬೇಕೆಂದಿಲ್ಲದ ಚಲನೆ ತಾನೇ ಬಂದುಬಿಡುತ್ತದೆ. ಗಂಟಲುನೋವು ಬಂದುಹೋದ ಕೆಲವು ತಿಂಗಳಿಗೆ ಮಗುವಿನ ಮುಖ, ಭುಜ, ಬೆರಳುಗಳು ಗೊತ್ತುಗುರಿಯಿಲ್ಲದೆ ಮಿಸುಕಾಡತೊಡಗಿ, ನಮ್ಮ ಬೆರಳನ್ನು ಹಿಡಿದುಕೋ ಎಂದರೆ ಹಾಲು ಕರೆಯುವಂತೆ ಹಿಡಿತ ಬಿಗಿದು ಸಡಿಲುತ್ತಿದ್ದರೆ ಸಂಧಿವಾತ ಜ್ವರದ ಬೆನ್ನಿಗೆ ಬರುವ ಸಿಡೆನ್‌ಹ್ಯಾಮ್ ಕೊರಿಯಾವನ್ನು ನೆನೆಯಬೇಕು. ಅಂಥ ಮಗುವಿನ ಹೃದಯವನ್ನೂ ಪರೀಕ್ಷಿಸಬೇಕಾಗುತ್ತದೆ. ‘ಮಿಸುಕಾಟ’ ಎಂದರೆ ಹೇಗೆ?

ನಡಿಗೆ ಕೆಟ್ಟಿದೆ ಎಂದಾಕ್ಷಣ ನರಗಳತ್ತಲೇ ನೋಡಬೇಕಾಗಿಲ್ಲ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನವಿದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆಯಲ್ಲಿ ಸೊಂಟ, ಮಂಡಿಗಳ ಕೀಲುಗಳು ಸವೆದು ನೋವಿನಿಂದ ನಡಿಗೆ ಬಾಗುತ್ತದೆ. ಅದು ಮೂಳೆ ಮತ್ತು ಕೀಲುಗಳ ಆನುವಂಶಿಕ ದೋಷ, ಕಿರುಮೆದುಳಿನದಲ್ಲ. ಗಂಡುಮಕ್ಕಳಲ್ಲಿ ಹೆಚ್ಚಾಗಿ ಬರುವ ಡುಷೇನ್ ಸ್ನಾಯುಕ್ಷಯದಲ್ಲಿಯೂ ಮಗು ವಾಲಿ ನಡೆಯುತ್ತದೆ, ಆದರೆ ನೆಲದಿಂದ ಏಳುವಾಗ ತನ್ನ ಮಂಡಿ, ತೊಡೆಗಳ ಮೇಲೆ ಕೈಯೂರಿ ಏರುವುದರಿಂದ ಬಲವೇ ಕುಂದಿದೆಯೆಂದು ಗೊತ್ತಾಗುತ್ತದೆ.

ಸದ್ಯ ನಾನು ಬರೆದುಕೊಂಡಿರುವುದು ಹೀಗಿದೆ. ಅಟಾಕ್ಸಿಯಾ ಎಂಬ ಪದವನ್ನು ಹಾಗೆಯೇ ಉಳಿಸಿ ‘ಚಲನೆಯ ಹದ ತಪ್ಪುವುದು’ ಎಂಬ ವಿವರಣೆಯನ್ನು ಕೊಡುವುದು. ಅದರಿಂದ ಬರುವ ನಡಿಗೆಗೆ ‘ಓಲುನಡಿಗೆ’. ಡೆವಲಪ್‌ಮೆಂಟಲ್ ಕೋಆರ್ಡಿನೇಶನ್ ಡಿಸಾರ್ಡರಿಗೆ ‘ಬೆಳವಣಿಗೆಯ ಚಲನಕೌಶಲ ತೊಡಕು’. ‘ಹದ’ ಎಂಬುದನ್ನು ಅಡುಗೆಗೆ, ಮಣ್ಣಿಗೆ, ಅಡಿಕೆ ಬೇಯಿಸುವುದಕ್ಕೆ ಎಲ್ಲರೂ ಬಳಸುತ್ತಾರೆ. ಕೈಕಾಲಿನ ಚಲನೆಗೂ ಅದನ್ನು ಬಳಸುವ ರೂಢಿ ತೀರ್ಥಹಳ್ಳಿ, ಹೊಸನಗರ, ಸೊರಬದ ಕಡೆ ಇದೆಯೇ? ಹಿಡಿಯಲು ಹೋದ ವಸ್ತುವನ್ನು ದಾಟಿ ಕೈ ಮುಂದೆ ಹೋಗುವುದಕ್ಕೆ ನಿಮ್ಮ ಮನೆಯ ಹಿರಿಯರು ಏನೆನ್ನುತ್ತಾರೆ? ಒಂದು ವಾಕ್ಯದಲ್ಲಿ ಬಳಸಿ, ಯಾವ ಊರಿನ ಬಳಕೆಯೆಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.