ಅಪ್‌ಡೇಟ್: ಜಿಂಕೆಗಳಿಗೆ ಜೋಳ ಹಾಕುವ ವಿಚಾರ

ಕಾಡಂಚಿನ ಮನೆಯ ಹತ್ತಿರ ಬರುವ ಜಿಂಕೆಗಳಿಗೆ ಮುಸುಕಿನ ಜೋಳ ಎಷ್ಟು ಹಾಕಬಹುದು ಎಂದು ಕೇಳಿದ್ದೆ. ಹಾಕಲೇಬೇಡಿ ಎಂದಿರಿ. ಜೋಳದ ಯೋಜನೆ ಕೈಬಿಟ್ಟಿದ್ದೇನೆ.

ಮುಖ್ಯ ಕಾರಣ ಹೊಟ್ಟೆಯದ್ದು. ಜಿಂಕೆ ಮೆಲುಕು ಹಾಕುವ ಪ್ರಾಣಿ; ಅದರ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಎಲೆ, ಚಿಗುರು, ತೊಗಟೆಗೆ ಒಗ್ಗಿರುತ್ತವೆ. ಹೊಸ ಆಹಾರಕ್ಕೆ ಹೊಂದಿಕೊಳ್ಳಲು ಅವಕ್ಕೆ ಎರಡರಿಂದ ನಾಲ್ಕು ವಾರ ಬೇಕು. ಒಮ್ಮೆಲೇ ಕಾಳು ತಿಂದರೆ ಪಿಷ್ಟ ಬೇಗ ಹುಳಿತು ಲ್ಯಾಕ್ಟಿಕ್ ಆಮ್ಲವಾಗುತ್ತದೆ, ಭೇದಿಯಾಗಿ ನೀರಿನಂಶ ಬತ್ತುತ್ತದೆ. ಒಂದೆರಡು ದಿನದಲ್ಲೇ, ಹೊಟ್ಟೆ ತುಂಬಿದ್ದಾಗಲೇ ಸಾಯಬಹುದು. ಬ್ರೆಡ್ಡಿನದ್ದೂ ಇದೇ ಕಥೆ. ಒಣಹುಲ್ಲು ಕೊಟ್ಟರಾಯಿತಲ್ಲ ಅನ್ನಿಸುತ್ತದೆ, ಆದರೆ ಬರಗಾಲದಲ್ಲಿ ಸೊರಗಿದ ಜಿಂಕೆಗೆ ಅದೂ ಸರಿಯಾಗಿ ಜೀರ್ಣವಾಗದು.

ಎರಡನೆಯದು ರೋಗ. ಹಲವು ಜಿಂಕೆಗಳು ಒಂದೇ ಕಡೆ ಬಾಯಿ ಹಾಕಿದರೆ ಜೊಲ್ಲು, ಹಿಕ್ಕೆಯ ಮೂಲಕ ಹರಡುತ್ತದೆ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ (ಜಿಂಕೆಗಳ ಮಿದುಳು ಕೆಡಿಸಿ ಕೊಲ್ಲುವ ಕಾಯಿಲೆ) ಇರುವ ಪ್ರದೇಶಗಳಲ್ಲಿ ಅದನ್ನು ತರುವ ವಿಕೃತ ಪ್ರೋಟೀನುಗಳಾದ ಪ್ರಿಯಾನ್‌ಗಳು ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತವೆ. ಜಿಂಕೆಗಳು ನೆಕ್ಕಲೆಂದು ಇಡುವ ಉಪ್ಪಿನ ಗಡ್ಡೆಯೂ ಇದೇ ಕಾರಣಕ್ಕೆ ಬೇಡ.

ಈಗಾಗಲೇ ಕಾಳು ಹಾಕುತ್ತಿರುವವರು ಥಟ್ಟನೆ ನಿಲ್ಲಿಸಬೇಡಿ. ವಾರಕ್ಕೆ ಕಾಲು ಭಾಗದಂತೆ ಇಳಿಸಿ. ಬೂಷ್ಟು ಹಿಡಿದದ್ದನ್ನು ಮಾತ್ರ ಇವತ್ತೇ ತೆಗೆಯಿರಿ, ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಇರಬಹುದು.

ಬದಲಿಗೆ, ರಸ್ತೆಯಿಂದ ದೂರದ ಬೇಲಿಸಾಲಿನಲ್ಲಿ ಸ್ಥಳೀಯ ಪೊದೆಗಳನ್ನು ನೆಡುತ್ತಿದ್ದೇನೆ. ಎಳೆಗಿಡಕ್ಕೆ ಸುತ್ತ ಬಲೆ ಬೇಕು, ಇಲ್ಲವಾದರೆ ಬೇರೂರುವ ಮೊದಲೇ ಬೋಳು. ತರಕಾರಿ ತೋಟಕ್ಕೆ 2.4 ಮೀಟರ್ ಎತ್ತರದ ಬೇಲಿ. ಅದಕ್ಕಿಂತ ಗಿಡ್ಡದ್ದನ್ನು ಅವು ಸಲೀಸಾಗಿ ಹಾರುತ್ತವೆ.