ಸಾಮರ್ಥ್ಯ ವರ್ಧನೆಗೆಂದು ಬರುವ ಅನುದಾನವನ್ನು ಸಣ್ಣ ಸಂಸ್ಥೆಯೊಂದು ಯಾವುದಕ್ಕೆ ಕೇಳಬೇಕು?

ಪ್ರಶ್ನೆ: ಕುಷ್ಟಗಿ ತಾಲ್ಲೂಕಿನ ಸಂಸ್ಥೆಯೊಂದರ ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನಲ್ಲಿ ಗುಳೆ ಹೋಗುವ ಕುಟುಂಬಗಳ ಮಕ್ಕಳಿಗಾಗಿ ನಮ್ಮ ಸಂಘವು ಸಂಜೆಯ ಕಲಿಕಾ ಕೇಂದ್ರಗಳನ್ನು ನಡೆಸುತ್ತಿದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿಯಲ್ಲಿ ನೋಂದಣಿಯಾಗಿದೆ. ಆದಾಯ ತೆರಿಗೆಯ 12ಎಬಿ (ಸಂಸ್ಥೆಗೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ) ನೋಂದಣಿ ಎರಡೂ ಇವೆ. ವಿದೇಶಿ ವಂತಿಗೆ ಪಡೆಯುವ ನೋಂದಣಿ ಇಲ್ಲ. ವರ್ಷದ ಖರ್ಚು ಸುಮಾರು 36 ಲಕ್ಷ ರೂಪಾಯಿ. ಅದರಲ್ಲಿ 32 ಲಕ್ಷ ನೇರವಾಗಿ ಕೇಂದ್ರಗಳಿಗೇ ಹೋಗುತ್ತದೆ. ಗೌರವಧನದ ಮೇಲೆ ದುಡಿಯುವ ಶಿಕ್ಷಕಿಯರೂ ಸೇರಿ 17 ಮಂದಿ ಇದ್ದೇವೆ.

ಬೆಂಗಳೂರಿನ ದತ್ತಿ ಸಂಸ್ಥೆಯೊಂದು ಎರಡು ವರ್ಷಗಳಿಗೆ ಒಟ್ಟು 15 ಲಕ್ಷ ರೂಪಾಯಿಯನ್ನು "ಸಂಸ್ಥೆಯ ಸಾಮರ್ಥ್ಯ ವರ್ಧನೆ"ಗೆಂದೇ ಕೊಡಲು ಮುಂದೆ ಬಂದಿದೆ. ಈ ಹಣದಿಂದ ಹೊಸ ಕೇಂದ್ರ ತೆರೆಯುವಂತಿಲ್ಲ ಎಂಬುದೊಂದೇ ಅವರ ಷರತ್ತು. ಇಷ್ಟು ವರ್ಷ ಕಾರ್ಯಕ್ರಮಕ್ಕೆ ಹಣ ಕೇಳಿ ರೂಢಿಯಾದ ನಮಗೆ, ಸಂಸ್ಥೆಗೇ ಏನು ಬೇಕೆಂದು ಬರೆಯಲು ಕುಳಿತಾಗ ಕಾರ್ಯಕಾರಿ ಸಮಿತಿಯಲ್ಲಿ ಒಮ್ಮತವೇ ಮೂಡುತ್ತಿಲ್ಲ. ದಾನವಾಗಿ ಬಂದ ನಿವೇಶನದಲ್ಲಿ ಕಚೇರಿ ಕಟ್ಟೋಣ ಎಂಬುದು ಅಧ್ಯಕ್ಷರ ಅಭಿಪ್ರಾಯ. ಕ್ಷೇತ್ರ ಸಂಯೋಜಕರಿಗೆ ಎರಡು ಬೈಕು ಹಾಗೂ ಲ್ಯಾಪ್‌ಟಾಪ್‌ಗಳು ಬೇಕು. ಈ ನಡುವೆ ಸಲಹಾ ಸಂಸ್ಥೆಯೊಂದು ಐದು ವರ್ಷಗಳ ಕಾರ್ಯತಂತ್ರ ಯೋಜನೆಯನ್ನು ಸಿದ್ಧಪಡಿಸಿಕೊಡಲು ನಾಲ್ಕೂವರೆ ಲಕ್ಷ ರೂಪಾಯಿ ಕೇಳಿದೆ. ನನಗಾದರೋ ಪೂರ್ಣಾವಧಿಯ ಲೆಕ್ಕಿಗರೊಬ್ಬರು ಸಿಕ್ಕರೆ ಸಾಕೆನಿಸಿದೆ. ಇಂಥ ಅನುದಾನ ಪಡೆದವರೂ ಕೊಟ್ಟವರೂ ತಮ್ಮ ಅನುಭವದಿಂದ ಮಾರ್ಗದರ್ಶನ ಮಾಡಬೇಕೆಂದು ಕೋರುತ್ತೇನೆ.

ಉತ್ತರ 1: ಲೆಕ್ಕಪರಿಶೋಧಕ, ಹುಬ್ಬಳ್ಳಿ

ಕಾರ್ಯದರ್ಶಿಗಳೇ, ನಿಮಗೆ ಅನಿಸಿರುವುದೇ ಸರಿ. ಆದರೆ ಲೆಕ್ಕಿಗರೊಬ್ಬರನ್ನು ನೇಮಿಸಿಕೊಂಡ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ.

ಉತ್ತರ ಕರ್ನಾಟಕದ ಸಣ್ಣ ಸಂಸ್ಥೆಗಳ ಲೆಕ್ಕಪತ್ರಗಳು ನನ್ನ ಮೇಜಿಗೆ ಬರುವುದು ಸಾಮಾನ್ಯವಾಗಿ ಜುಲೈ ಕಳೆದ ಮೇಲೆ, ಒಂದು ಕೈಚೀಲದಲ್ಲಿ. ಮೋಸ ಕಂಡುಬರುವುದು ಅಪರೂಪ. ಗೊಂದಲ ಮಾತ್ರ ಪ್ರತಿ ವರ್ಷವೂ ಇದ್ದದ್ದೇ. ಜೀಪಿನ ಬಾಡಿಗೆಯ ಒಂದು ವೋಚರ್ ಇರುತ್ತದೆ, ಅದರ ಮೇಲೆ ದಿನಾಂಕವಿದೆ, ಸಹಿಯಿದೆ, ರೆವೆನ್ಯೂ ಸ್ಟ್ಯಾಂಪೂ ಇದೆ. ಯಾವ ದಾನಿಯ ಯಾವ ಬಾಬತ್ತಿಗೆ ಆ ಓಡಾಟ ಸೇರಿದ್ದೆಂದು ಮಾತ್ರ ಬರೆದಿರುವುದಿಲ್ಲ. ಹತ್ತು ತಿಂಗಳ ನಂತರ ಕೇಳಿದರೆ ಜೀಪಿನಲ್ಲಿ ಹೋದವರಿಗೂ ನೆನಪಿರುವುದಿಲ್ಲ. ಆಗ ದಾನಿಯ ಹಣ ಯಾವುದಕ್ಕೆ ಖರ್ಚಾಯಿತೆಂದು ತೋರಿಸುವ ಬಳಕೆ ಪ್ರಮಾಣಪತ್ರವನ್ನು ಅಂದಾಜಿನ ಮೇಲೆ ಸಿದ್ಧಪಡಿಸಬೇಕಾಗುತ್ತದೆ, ಮತ್ತು ದಾನಿಯ ಕಡೆಯ ಪರಿಶೀಲಕರು ಬಂದ ದಿನ ಅದೇ ದೊಡ್ಡ ಪ್ರಶ್ನೆಯಾಗುತ್ತದೆ. ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ದಾನಿವಾರು ಕಾಸ್ಟ್ ಸೆಂಟರ್ (ಪ್ರತ್ಯೇಕ ವೆಚ್ಚದ ಶೀರ್ಷಿಕೆ) ತೆರೆದು, ಪ್ರತಿ ವೋಚರ್ ಬರೆಯುವ ದಿನವೇ ಅದರ ಬಾಬತ್ತನ್ನು ನಮೂದಿಸಿ, ತಿಂಗಳಿಗೊಮ್ಮೆ ಬ್ಯಾಂಕಿನ ಲೆಕ್ಕಕ್ಕೆ ತಾಳೆ ಹಾಕಿ, ಮೂರು ತಿಂಗಳಿಗೊಮ್ಮೆ ಸಮಿತಿಯ ಮುಂದಿಟ್ಟು ನಡಾವಳಿಯಲ್ಲಿ ದಾಖಲಿಸುವ ಪದ್ಧತಿ ಒಂದು ವರ್ಷ ತಪ್ಪದೆ ನಡೆದರೆ ನಿಮ್ಮ ಸಂಸ್ಥೆಯ ಮುಕ್ಕಾಲು ಪಾಲು ತಲೆನೋವು ಇಳಿಯುತ್ತದೆ. ಒಬ್ಬರಿಗೆ ದಿನಕ್ಕೆ 10,000 ರೂಪಾಯಿಗಿಂತ ಹೆಚ್ಚು ನಗದು ಪಾವತಿಸಿದರೆ ತೆರಿಗೆ ಲೆಕ್ಕದಲ್ಲಿ ಅದು ವೆಚ್ಚವೆಂದು ನಿಲ್ಲುವುದಿಲ್ಲ ಎಂಬ ನಿಯಮ ನಮ್ಮ ಸಂಘಗಳಿಗೂ ಅನ್ವಯಿಸುತ್ತದೆಂಬುದು ಎಷ್ಟೋ ಮಂದಿಗೆ ಇಂದಿಗೂ ತಿಳಿದಿಲ್ಲ.

ಎರಡನೆಯದಾಗಿ, ಮೂರನೇ ವರ್ಷದ ಸಂಬಳ ಎಲ್ಲಿಂದ ಬರುತ್ತದೆ ಎಂಬುದನ್ನು ಈಗಲೇ ಲೆಕ್ಕ ಹಾಕಿ. ಲೆಕ್ಕಿಗರಿಗೆ ತಿಂಗಳಿಗೆ 22,000ದಂತೆ ವರ್ಷಕ್ಕೆ 2.64 ಲಕ್ಷ, ನಿಮ್ಮ ಸಂಬಳದಲ್ಲಿ ಆಡಳಿತಕ್ಕೆ ಸಲ್ಲುವ ಅರ್ಧ ಭಾಗ 1.80 ಲಕ್ಷ, ಕಚೇರಿ ಬಾಡಿಗೆ 84,000, ಲೆಕ್ಕಪರಿಶೋಧನೆಗೆ 50,000, ವಿದ್ಯುತ್ತು-ಇಂಟರ್ನೆಟ್ಟಿಗೆ 36,000 ಎಂದು ಹಿಡಿದರೆ ಒಟ್ಟು 6.14 ಲಕ್ಷವಾಗುತ್ತದೆ. ಇದು ನಿಮ್ಮ 32 ಲಕ್ಷದ ನೇರ ವೆಚ್ಚಕ್ಕೆ ಶೇ. 19ರಷ್ಟು. ಈಗಿನ ಕಾರ್ಯಕ್ರಮ ದಾನಿಗಳು ಆಡಳಿತ ವೆಚ್ಚವೆಂದು ಎಷ್ಟು ಕೊಡುತ್ತಿದ್ದಾರೆ? ಶೇ. 5 ಅಥವಾ 7 ಇರಬಹುದು. ಉಳಿದದ್ದನ್ನು ಇದುವರೆಗೆ ತುಂಬಿದ್ದು ನಿಮ್ಮ ಕಡಿಮೆ ಸಂಬಳ, ಅಷ್ಟೇ. ಎರಡು ವರ್ಷ ಮುಗಿಯುವುದರೊಳಗೆ ಪ್ರತಿಯೊಂದು ಹೊಸ ಪ್ರಸ್ತಾವನೆಯಲ್ಲೂ ಈ ಶೇ. 19ನ್ನು ಲೆಕ್ಕಸಮೇತ ತೋರಿಸಿ ಕೇಳುವ ಧೈರ್ಯ ಬರದಿದ್ದರೆ ಈಗ ನೇಮಿಸಿಕೊಂಡವರನ್ನು ಆಗ ಮನೆಗೆ ಕಳುಹಿಸಬೇಕಾಗುತ್ತದೆ.

ಉತ್ತರ 2: ಹಿಂದೆ ಅನುದಾನ ವಿಭಾಗದಲ್ಲಿದ್ದವರು, ಬೆಂಗಳೂರು

ಮೇಲಿನ ಉತ್ತರಕ್ಕೆ ನನ್ನ ಪೂರ್ಣ ಸಹಮತವಿದೆ. ಕೊಡುವವರ ಮೇಜಿನ ಆಚೆ ಕುಳಿತಿದ್ದವನಾಗಿ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ಶೇ. 19 ಎಂದರೆ ದಾನಿ ಗಾಬರಿಯಾದಾರೆಂಬ ಅಂಜಿಕೆ ಬೇಡ. ಬ್ರಿಡ್ಜ್‌ಸ್ಪ್ಯಾನ್ ಎಂಬ ಸಲಹಾ ಸಂಸ್ಥೆಯು ಭಾರತದ ಹೆಸರಾಂತ ಸ್ವಯಂಸೇವಾ ಸಂಸ್ಥೆಗಳ ಲೆಕ್ಕಪತ್ರಗಳನ್ನು ವಿಶ್ಲೇಷಿಸಿದಾಗ ಪರೋಕ್ಷ ವೆಚ್ಚದ (ಆಡಳಿತದಂಥ ಖರ್ಚಿನ) ಪ್ರಮಾಣ ಶೇ. 5ರಿಂದ ಶೇ. 51ರವರೆಗೂ ಹರಡಿತ್ತು. ಮಾಡುವ ಕೆಲಸಕ್ಕೆ ತಕ್ಕಂತೆ ಇದು ಬದಲಾಗುತ್ತದೆಯೇ ಹೊರತು ಎಲ್ಲರಿಗೂ ಒಂದೇ ಅಳತೆ ಹಾಕಲು ಬರುವುದಿಲ್ಲ. 2021ರಲ್ಲಿ ಎಡೆಲ್‌ಗಿವ್ ಫೌಂಡೇಶನ್ ಇತರ ದಾನಿಗಳೊಂದಿಗೆ ಸೇರಿ ಆರಂಭಿಸಿದ ಗ್ರೋ ಫಂಡ್, 100 ತಳಮಟ್ಟದ ಸಂಸ್ಥೆಗಳಿಗೆ ಎರಡು ವರ್ಷಗಳಲ್ಲಿ 100 ಕೋಟಿ ರೂಪಾಯಿಯನ್ನು ಸಂಸ್ಥೆಯ ಮೂಲ ಖರ್ಚುಗಳಿಗೂ ಸಾಮರ್ಥ್ಯಕ್ಕೂ ಕೊಡುವ ಉದ್ದೇಶದಿಂದಲೇ ರೂಪುಗೊಂಡಿತು. ದಾನಿವಲಯದ ಒಂದು ಭಾಗಕ್ಕಾದರೂ ಈ ವಿಷಯ ಮನವರಿಕೆಯಾಗಿದೆ.

ಕಂಪನಿಗಳ ಸಿಎಸ್ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗದವರು "ಆಡಳಿತ ವೆಚ್ಚಕ್ಕೆ ಶೇ. 5ಕ್ಕಿಂತ ಹೆಚ್ಚು ಕೊಡಲು ಕಾನೂನಿನಲ್ಲಿ ಅವಕಾಶವಿಲ್ಲ" ಎಂದು ಹೇಳುವುದನ್ನು ನೀವು ಕೇಳಿರಬಹುದು. ಆ ಮಿತಿ ಇರುವುದು ಕಂಪನಿಯು ತನ್ನದೇ ಸಿಎಸ್ಆರ್ ನಿರ್ವಹಣೆಗೆ ಮಾಡಿಕೊಳ್ಳುವ ಸಾಮಾನ್ಯ ವೆಚ್ಚದ ಮೇಲೆ. ನಿರ್ದಿಷ್ಟ ಯೋಜನೆಯ ರೂಪಿಸುವಿಕೆ, ಅನುಷ್ಠಾನ, ಮೇಲ್ವಿಚಾರಣೆ ಮತ್ತು ಮೌಲ್ಯಮಾಪನಕ್ಕೆ ನೇರವಾಗಿ ತಗಲುವ ಖರ್ಚನ್ನು ನಿಯಮವೇ ಅದರಿಂದ ಹೊರಗಿಟ್ಟಿದೆ. ಆದ್ದರಿಂದ ಲೆಕ್ಕಿಗರ ಸಂಬಳದಲ್ಲಿ ಆಯಾ ಯೋಜನೆಗೆ ಸಲ್ಲುವ ಪಾಲನ್ನು ಆ ಯೋಜನೆಯ ವೆಚ್ಚವಾಗಿಯೇ ತೋರಿಸಿ. ಅಂದ ಹಾಗೆ, 2021ರ ಏಪ್ರಿಲ್‌ನಿಂದ ಸಿಎಸ್ಆರ್-1 ಎಂಬ ಸರ್ಕಾರಿ ನೋಂದಣಿ ಇಲ್ಲದ ಸಂಸ್ಥೆಯ ಮೂಲಕ ಕಂಪನಿಗಳು ಹಣ ಖರ್ಚು ಮಾಡುವಂತಿಲ್ಲ. ನೀವಿನ್ನೂ ಮಾಡಿಸಿಲ್ಲವಾದರೆ ಈ ಅನುದಾನದ ಮೊದಲ ತಿಂಗಳಲ್ಲೇ ಮಾಡಿಸಿಕೊಳ್ಳಿ.

ಇಂಥ ನೇರ ಅವಕಾಶ ಸಣ್ಣ ಸಂಸ್ಥೆಗೆ ಏಕೆ ಅಪರೂಪವೆಂಬುದೂ ತಿಳಿದಿರಲಿ. ಮೊದಲೆಲ್ಲ ವಿದೇಶಿ ವಂತಿಗೆ ಪಡೆಯುತ್ತಿದ್ದ ದೊಡ್ಡ ಸಂಸ್ಥೆಗಳು ಅದರಲ್ಲಿ ಒಂದು ಪಾಲನ್ನು, ನೋಂದಣಿಯುಳ್ಳ ತಾಲ್ಲೂಕು ಮಟ್ಟದ ಸಂಸ್ಥೆಗಳಿಗೆ ಹಂಚಿ, ಜೊತೆಗೆ ಲೆಕ್ಕ ಬರೆಯುವುದನ್ನೂ ಕಲಿಸುತ್ತಿದ್ದವು. ವಿದೇಶಿ ವಂತಿಗೆ ಕಾಯ್ದೆಗೆ 2020ರ ಸೆಪ್ಟೆಂಬರ್‌ನಲ್ಲಿ ಬಂದ ತಿದ್ದುಪಡಿಯು ಅಂಥ ಮರುಹಂಚಿಕೆಯನ್ನು ಪೂರ್ತಿ ನಿಷೇಧಿಸಿತು. ವಿದೇಶಿ ವಂತಿಗೆಯಲ್ಲಿ ಆಡಳಿತ ವೆಚ್ಚದ ಮಿತಿಯನ್ನೂ ಶೇ. 50ರಿಂದ ಶೇ. 20ಕ್ಕೆ ಇಳಿಸಿತು. ಕೈ ಹಿಡಿದು ನಡೆಸುತ್ತಿದ್ದ ಆ ಮಧ್ಯದ ಕೊಂಡಿಯೇ ಕಳಚಿದ್ದರಿಂದ ದೇಶೀಯ ದತ್ತಿ ಹಣದ ಮಹತ್ವ ಹೆಚ್ಚಾಗಿದೆ. ಸಮಾಜಸೇವಾ ಸಂಸ್ಥೆಗಳು ಹಣ ಸಂಗ್ರಹಿಸಲೆಂದು ಷೇರುಪೇಟೆಯಲ್ಲಿರುವ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಬಗ್ಗೆ ಯಾರಾದರೂ ಹೇಳಿದರೆ ಸದ್ಯಕ್ಕೆ ಬದಿಗಿಡಿ. ಬೆಂಗಳೂರಿನ ಉನ್ನತಿ ಫೌಂಡೇಶನ್ 2023ರಲ್ಲಿ ಅದರ ಮೂಲಕ ಮೊದಲ ಬಾರಿಗೆ ಹಣ ಸಂಗ್ರಹಿಸಿದ್ದು ನಿಜ. ಆದರೆ ಅಲ್ಲಿ ನೋಂದಣಿಗೇ ಹಿಂದಿನ ವರ್ಷ ಕನಿಷ್ಠ 50 ಲಕ್ಷ ರೂಪಾಯಿ ಖರ್ಚು ಮಾಡಿರಬೇಕೆಂಬ ನಿಬಂಧನೆಯಿದೆ.

ಕಾರ್ಯತಂತ್ರ ಯೋಜನೆಗೆ ನಾಲ್ಕೂವರೆ ಲಕ್ಷ ಕೊಡಲೇಬೇಡಿ. ಅಂಥ ವರದಿಗಳನ್ನು ಸಾಕಷ್ಟು ಓದಿದ್ದೇನೆ. ಸಂಸ್ಥೆಯ ಹೆಸರು ಬದಲಿಸಿದರೆ ಬೀದರ್‌ಗೂ ಹೊಂದುತ್ತವೆ, ಚಾಮರಾಜನಗರಕ್ಕೂ ಹೊಂದುತ್ತವೆ. ಇಂಗ್ಲಿಷಿನಲ್ಲಿರುವ ಆ ವರದಿಯನ್ನು ನಿಮ್ಮ ಸಮಿತಿಯ ಎಷ್ಟು ಮಂದಿ ಸದಸ್ಯರು ಓದಿ ಪ್ರಶ್ನೆ ಕೇಳಬಲ್ಲರು? ಅದರ ಬದಲು ಸಮಿತಿ ಮತ್ತು ಸಿಬ್ಬಂದಿ ಒಂದೆಡೆ ಕುಳಿತು, ಕನ್ನಡದಲ್ಲಿ ಚರ್ಚೆ ನಡೆಸಿಕೊಡುವ ಅನುಭವಿಗಳೊಬ್ಬರನ್ನು ಕರೆಸಿ, ಎರಡು ದಿನ ಮಾತನಾಡಿದರೆ ಬೇಕಾದಷ್ಟು ಸ್ಪಷ್ಟತೆ ಸಿಗುತ್ತದೆ. ಕಟ್ಟಡದ ವಿಷಯದಲ್ಲಿ ಒಂದೇ ಪ್ರಶ್ನೆ: ಆ ನಿವೇಶನದ ದಾನಪತ್ರ ಸಂಘದ ಹೆಸರಿಗೆ ನೋಂದಣಿಯಾಗಿದೆಯೇ? ಆಗಿದ್ದರೂ ಈ ಹಣದಿಂದ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ.

ಉತ್ತರ 3: ಹೆಗ್ಗಡದೇವನಕೋಟೆ ಕಡೆಯ ಮಹಿಳಾ ಸಂಸ್ಥೆಯೊಂದರ ಮುಖ್ಯಸ್ಥೆ

ಮೇಲಿನ ಇಬ್ಬರು ಹಿರಿಯರೂ ಹಣ ಮತ್ತು ಕಾನೂನಿನ ಬಗ್ಗೆ ಚೆನ್ನಾಗಿ ಬರೆದಿದ್ದಾರೆ. ನನ್ನ ಚಿಂತೆ ಬೇರೆಯದು. ಕಾರ್ಯದರ್ಶಿ ಸರ್, ನೀವು ಒಂದು ತಿಂಗಳು ಹಾಸಿಗೆ ಹಿಡಿದರೆ ನಿಮ್ಮ ಸಂಸ್ಥೆಯಲ್ಲಿ ಚೆಕ್ಕಿಗೆ ಸಹಿ ಹಾಕುವವರು ಯಾರು, ದಾನಿಗೆ ಉತ್ತರ ಬರೆಯುವವರು ಯಾರು, ಆದಾಯ ತೆರಿಗೆ ಪೋರ್ಟಲ್ಲಿನ ಪಾಸ್‌ವರ್ಡ್ ಯಾರ ಬಳಿ ಇದೆ? ಬಹುತೇಕ ಸಣ್ಣ ಸಂಸ್ಥೆಗಳಲ್ಲಿ ಈ ಮೂರಕ್ಕೂ ಒಬ್ಬರದೇ ಹೆಸರು ಉತ್ತರವಾಗಿರುತ್ತದೆ. ನನ್ನ ದೃಷ್ಟಿಯಲ್ಲಿ 15 ಲಕ್ಷದ ದೊಡ್ಡ ಭಾಗ ಹೋಗಬೇಕಾದದ್ದು ನಿಮ್ಮ ನಂತರ ಹೊಣೆ ಹೊರಬಲ್ಲ ಎರಡನೇ ಸಾಲಿನ ಒಬ್ಬರನ್ನು ಬೆಳೆಸುವುದಕ್ಕೆ. ಹೊರಗಿನಿಂದ ಎಂಎಸ್‌ಡಬ್ಲ್ಯು (ಸಮಾಜಕಾರ್ಯ) ಪದವೀಧರರನ್ನು ತರುವುದಕ್ಕಿಂತ, ಕೇಂದ್ರಗಳಲ್ಲಿ ಏಳೆಂಟು ವರ್ಷ ದುಡಿದ ಶಿಕ್ಷಕಿಯೊಬ್ಬರನ್ನು ಆರಿಸಿ, ಅವರ ಕೇಂದ್ರಕ್ಕೆ ಬದಲಿ ವ್ಯವಸ್ಥೆ ಮಾಡಿ, ಪ್ರಸ್ತಾವನೆ ಬರೆಯುವ ದಿನದಿಂದಲೇ ಜೊತೆಗೆ ಕೂರಿಸಿಕೊಳ್ಳಿ.

ಇನ್ನೊಂದು ಸೂಕ್ಷ್ಮವನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ. ಪೇಟೆಯಿಂದ ಬರುವ ಲೆಕ್ಕಿಗರಿಗೆ 22,000 ಕೊಡುವಾಗ, ಹತ್ತು ವರ್ಷದಿಂದ ಬಿಸಿಲಲ್ಲಿ ಊರೂರು ತಿರುಗುವ ಸಂಯೋಜಕರಿಗೆ 16,000 ಸಿಗುತ್ತಿದ್ದರೆ, ಸಂಸ್ಥೆಯ ಸಾಮರ್ಥ್ಯ ಹೆಚ್ಚುವ ಮೊದಲು ಅಸಮಾಧಾನ ಹೆಚ್ಚುತ್ತದೆ. ಹುದ್ದೆವಾರು ಸಂಬಳದ ಶ್ರೇಣಿಯೊಂದನ್ನು ಸಮಿತಿಯಲ್ಲಿ ಠರಾವು ಮಾಡಿ, ಹಳಬರ ಸಂಬಳದ ಅಂತರವನ್ನು ಒಂದಿಷ್ಟಾದರೂ ತುಂಬಲು ಇದೇ ಅನುದಾನದಲ್ಲಿ ಕೇಳಿ. ಗೌರವಧನವೆಂಬ ಹೆಸರು ಎಲ್ಲ ಕಡೆ ರಕ್ಷಣೆ ಕೊಡದು. ಸಿಬ್ಬಂದಿ 20 ಮುಟ್ಟಿದರೆ ಭವಿಷ್ಯ ನಿಧಿಯ ಕಾನೂನು ಅನ್ವಯಿಸುತ್ತದೆ, ಮತ್ತು ನೀವು ಈಗಾಗಲೇ 17ರಲ್ಲಿದ್ದೀರಿ. ಲೆಕ್ಕಿಗರು ಮತ್ತು ಬದಲಿ ಶಿಕ್ಷಕಿ ಬಂದರೆ 19. ಇನ್ನೊಂದು ಕೇಂದ್ರ ತೆರೆದ ದಿನ ಮಾಲೀಕರ ಪಾಲು ನಿಮ್ಮ ಬಜೆಟ್ಟಿನಲ್ಲಿ ಇರಲೇಬೇಕು.

ಬೈಕುಗಳನ್ನು ಮಾತ್ರ ಒಮ್ಮೆಲೇ ತಳ್ಳಿಹಾಕಬೇಡಿ. ಬಸ್ಸು ದಿನಕ್ಕೆರಡೇ ಬಾರಿ ಬರುವ ಊರುಗಳಿಗೆ ಸಂಜೆ ಆರರ ಮೇಲೆ ಹೋಗಬೇಕಾದ ಸಂಯೋಜಕರಿಗೆ ಅದೂ ಸಾಮರ್ಥ್ಯವೇ.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಧನ್ಯವಾದಗಳು. ಪಾಸ್‌ವರ್ಡ್ ಪ್ರಶ್ನೆಗೆ ಮೇಡಂ ಊಹಿಸಿದ ಉತ್ತರವೇ ನಮ್ಮದೂ ಆಗಿದೆ. ನಿವೇಶನ ಇನ್ನೂ ದಾನಿಯ ಹೆಸರಿನಲ್ಲೇ ಇರುವುದರಿಂದ ಕಟ್ಟಡದ ಪ್ರಸ್ತಾಪವನ್ನು ಅಧ್ಯಕ್ಷರೇ ಕೈಬಿಟ್ಟರು. ಲೆಕ್ಕಿಗರ ಸಂಬಳವನ್ನು ಮೊದಲ ವರ್ಷ ಪೂರ್ತಿ, ಎರಡನೇ ವರ್ಷ ಶೇ. 60ರಷ್ಟು ಮಾತ್ರ ಕೇಳಿ, ಉಳಿದ ಶೇ. 40ನ್ನು ಈಗಿನ ಎರಡು ಯೋಜನೆಗಳಿಂದ ಭರಿಸುವುದಾಗಿ ಕರಡಿನಲ್ಲಿ ಬರೆದಿದ್ದೇವೆ. ಎರಡನೇ ಸಾಲಿನ ಸಂಯೋಜಕಿಗೆ ತಿಂಗಳಿಗೆ 28,000ದಂತೆ ಎರಡು ವರ್ಷಕ್ಕೆ 6.72 ಲಕ್ಷ ಇಟ್ಟಿದ್ದೇವೆ. ಎರಡು ಸಂದೇಹಗಳು ಉಳಿದಿವೆ. ಮೂರ್ನಾಲ್ಕು ತಿಂಗಳ ಖರ್ಚಿಗಾಗುವ ಆಪತ್ಕಾಲದ ನಿಧಿ ಕಟ್ಟಲು ಆರಂಭವಾಗಿ, ಮೂಲನಿಧಿಯ (ಖರ್ಚು ಮಾಡದೆ ಕಾಯ್ದಿಡುವ ಕಾರ್ಪಸ್) ರೂಪದಲ್ಲಿ ಒಂದು ಲಕ್ಷ ಕೇಳಬಹುದೇ? ಒಬ್ಬರೇ ಲೆಕ್ಕಿಗರ ಸಂಬಳವನ್ನು ಎರಡು ಯೋಜನೆಗಳಿಗೆ ಹಂಚಿದರೆ ಪರಿಶೀಲಕರು ಒಪ್ಪುತ್ತಾರೆಯೇ?

ಲೆಕ್ಕಪರಿಶೋಧಕ, ಹುಬ್ಬಳ್ಳಿ

ಮೂಲನಿಧಿ ಕೇಳಬೇಡಿ. ಕೊಡುವವರೂ ತೆರಿಗೆ ವಿನಾಯಿತಿಯಲ್ಲಿರುವ ದತ್ತಿ ಸಂಸ್ಥೆಯಾದ್ದರಿಂದ, ಮತ್ತೊಂದು ದತ್ತಿ ಸಂಸ್ಥೆಯ ಮೂಲನಿಧಿಗೆ ಕೊಟ್ಟ ಹಣ ಅವರ ತೆರಿಗೆ ಲೆಕ್ಕದಲ್ಲಿ ದತ್ತಿ ಕೆಲಸಕ್ಕೆ ಆದ ಆದಾಯದ ವಿನಿಯೋಗವೆಂದು ಪರಿಗಣಿತವಾಗುವುದಿಲ್ಲ. ಅವರು ನಿರಾಕರಿಸುವುದು ಬಹುತೇಕ ಖಚಿತ. ಸಿಎಸ್ಆರ್ ಹಣದಿಂದಲೂ ಮೂಲನಿಧಿಗೆ ಕೊಡುವಂತಿಲ್ಲ. ಆ ನಿಧಿಯನ್ನು ಊರಿನವರ ಮತ್ತು ಊರು ಬಿಟ್ಟು ಹೋಗಿ ನೆಲೆ ಕಂಡವರ ದೇಣಿಗೆಯಿಂದಲೇ ಕಟ್ಟಬೇಕು. ದಾನಿಯಿಂದ "ಇದು ಮೂಲನಿಧಿಗೆ" ಎಂಬ ಲಿಖಿತ ಸೂಚನೆ ಪಡೆದು ಪ್ರತ್ಯೇಕ ಠೇವಣಿಯಲ್ಲಿಡಿ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ 80ಜಿ ರಿಯಾಯಿತಿ ಸಿಗುವುದಿಲ್ಲವೆಂದು ಅವರಿಗೆ ಮೊದಲೇ ತಿಳಿಸಿ, ಬ್ಯಾಂಕಿನ ಮೂಲಕವೇ ತರಿಸಿಕೊಳ್ಳಿ.

ಸಂಬಳ ಹಂಚಿಕೆಗೆ ಅಡ್ಡಿಯಿಲ್ಲ. ಯಾವ ಯೋಜನೆಗೆ ಎಷ್ಟು ಪಾಲೆಂಬುದನ್ನು ವರ್ಷದ ಆರಂಭದಲ್ಲೇ ಸಮಿತಿ ಠರಾವು ಮಾಡಿರಬೇಕು, ಎರಡೂ ದಾನಿಗಳ ಒಪ್ಪಂದದ ಬಜೆಟ್ಟಿನಲ್ಲಿ ಅದು ಕಾಣಬೇಕು, ಮತ್ತು ಲೆಕ್ಕಿಗರು ಪ್ರತಿ ತಿಂಗಳೂ ಯಾವ ಯೋಜನೆಗೆ ಎಷ್ಟು ದಿನ ಕೆಲಸ ಮಾಡಿದರೆಂಬ ಒಂದು ಪುಟದ ಟೈಮ್‌ಶೀಟಿಗೆ ನಿಮ್ಮ ಸಹಿ ಇರಬೇಕು. ಎರಡೂ ಪಾಲು ಸೇರಿ ಶೇ. 40 ದಾಟದಂತೆ ನೋಡಿಕೊಳ್ಳಿ, ಉಳಿದ ಶೇ. 60ನ್ನು ಈ ಅನುದಾನ ಭರಿಸುತ್ತಿರುವಾಗ ಒಂದೇ ಸಂಬಳವನ್ನು ಎರಡು ಕಡೆ ತೋರಿಸಿದಂತಾದರೆ ವಿವರಣೆ ಕೊಡುವುದು ಕಷ್ಟ. ಕರಡು ಸಿದ್ಧವಾದ ಮೇಲೆ ಬಜೆಟ್ಟಿನ ಹಾಳೆಯನ್ನು ಹೆಸರುಗಳನ್ನು ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.